ಹೃದಯ ತಡೆದ ಫೋನು

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರು ಠಾಣೆಯ ಮೇಲೇ ಇತ್ತು.

ತಂದವಳು ಹಾರ್ಡ್‌ವೇರ್ ಅಂಗಡಿ ನಡೆಸುವ ಹೆಂಗಸು. ದಿನವಿಡೀ ಪ್ಲಂಬರುಗಳ ಜೊತೆ, ಗಾರೆಯವರ ಜೊತೆ ಗುದ್ದಾಡಿ ಗಟ್ಟಿಯಾದ ಗಂಟಲು ಅವಳದು. ರೈಟರ್ ಅರ್ಜಿಯ ಮೊದಲ ಎರಡು ಸಾಲು ಓದಿದವನೇ ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಕಾಗದವನ್ನು ಮೇಜಿನ ಮೇಲೆ ಬಿಟ್ಟ.

"ಅಕ್ಕಾ, ಇದನ್ನ ಮೇಲಿನವರ ಆಫೀಸಿಗೆ ಕೊಡಿ. ಇಲ್ಲಿ ತಗೊಳ್ಳೋಕೆ ಬರಲ್ಲ."

"ಯಾಕೆ, ಅಕ್ಷರ ಸರಿಯಿಲ್ವಾ?"

"ಅಕ್ಷರ ಮುತ್ತಿನ ಹಾಗಿದೆ. ಆದ್ರೆ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರ ಮೇಲೇ ಬರೆದಿದ್ದೀರಲ್ಲ."

"ತಪ್ಪು ಮಾಡಿದವನ ಮೇಲೆ ಬರೀದೆ ಪಕ್ಕದ ಮನೆಯವನ ಮೇಲೆ ಬರೀಲಾ?"

ಒಳಗಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ರೈಟರ್ ಎದ್ದು ನಿಂತ. ಠಾಣೆಯವರೆಲ್ಲ ಬೆನ್ನ ಹಿಂದೆ 'ಕೆಂಡ' ಎಂದು ಕರೆಯುತ್ತಿದ್ದ ಇನ್‌ಸ್ಪೆಕ್ಟರ್ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಅರ್ಜಿ ಎತ್ತಿಕೊಂಡು ನಿಂತಲ್ಲೇ ಓದಿದ. ಅವನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎನ್ನುವುದು ಊರಿಗೆಲ್ಲ ಗೊತ್ತು. ಅವತ್ತು ಅದು ಕಿವಿಗೂ ಏರಿತು.

ಅರ್ಜಿಯಲ್ಲಿದ್ದದ್ದು ಇಷ್ಟು. ಅವಳ ತಮ್ಮ ಲಾರಿ ಮೆಕ್ಯಾನಿಕ್. ಒಂದು ಜ್ವರ ಬಂದು ಹೋದಮೇಲೆ ಹೃದಯ ಸೋತುಹೋಗಿ, ಈಗ ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿ ಯಂತ್ರದ ಆಸರೆಯಲ್ಲಿ ಮಲಗಿದ್ದಾನೆ. ಬೇರೆಯವರ ಹೃದಯ ಹಾಕದೆ ಬೇರೆ ದಾರಿಯಿಲ್ಲ. ಅವನದು ಓ ಗುಂಪಿನ ರಕ್ತ. ಓ ಗುಂಪಿನವರದೇ ಹೃದಯ ಬೇಕು. ಎರಡು ತಿಂಗಳು ಕಾದಮೇಲೆ ಶುಕ್ರವಾರ ಒಂದು ಸಿಕ್ಕಿತು. ಕಟ್ಟಡಕ್ಕೆ ಬಣ್ಣ ಹೊಡೆಯುವಾಗ ಸಾರವೆಯಿಂದ ಬಿದ್ದ ಪೇಂಟರ್ ಒಬ್ಬನ ಮೆದುಳು ಸತ್ತಿದೆ ಎಂದು ಡಾಕ್ಟರುಗಳು ಎರಡೆರಡು ಸಲ ನೋಡಿ ಬರೆದಿದ್ದರು. ಅವನು ಅದೇ ಆಸ್ಪತ್ರೆಯ ಮೊದಲನೇ ಮಹಡಿಯಲ್ಲಿದ್ದ. ಹೆಂಡತಿ ಒಪ್ಪಿ ಸಹಿ ಹಾಕಿದ್ದಳು. ಬೆಳಗ್ಗೆ ಹನ್ನೊಂದಕ್ಕೆ ಈ ಠಾಣೆಯ ಇನ್‌ಸ್ಪೆಕ್ಟರ್ ಫೋನ್ ಮಾಡಿ, ಪಂಚನಾಮೆ ಆಗುವವರೆಗೆ ದೇಹಕ್ಕೆ ಕತ್ತರಿ ತಾಗಿಸಬಾರದು ಎಂದು ತಡೆದ. ಮಧ್ಯಾಹ್ನ ಮೂರರ ಹೊತ್ತಿಗೆ ಪೇಂಟರನ ಹೃದಯ ತಾನಾಗಿ ನಿಂತುಹೋಯಿತು.

"ನಾನು ಫೋನ್ ಮಾಡಿದೆ ಅಂತ ಯಾರು ಹೇಳಿದ್ದು?"

"ಡಾಕ್ಟರು."

"ಶುಕ್ರವಾರ ಬೆಳಗ್ಗಿಂದ ಸಾಯಂಕಾಲದವರೆಗೆ ನಾನು ಕೋರ್ಟಿನ ಸಾಕ್ಷಿ ಕಟಕಟೆಯಲ್ಲಿದ್ದೆ. ಮೊಬೈಲ್ ಬಂದ್ ಮಾಡಿ ಗುಮಾಸ್ತನ ಕೈಗೆ ಕೊಟ್ಟಿದ್ದೆ."

"ಹಾಗಂತ ನೀವು ಹೇಳ್ತೀರಿ."

"ನ್ಯಾಯಾಧೀಶರೂ ಹೇಳ್ತಾರೆ. ಹೋಗಿ ಕೇಳು."

"ಏಕವಚನ ಬೇಡ. ನಿಮ್ಮ ಮನೆ ಕೊಳಾಯಿಗೆ ವಾಷರ್ ಕೊಟ್ಟವಳು ನಾನು." ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. "ನಮ್ಮ ಹುಡುಗನ ಎದೆ ಬೋಳಿಸಿ, ಔಷಧಿ ನೀರಲ್ಲಿ ತೊಳೆದು, ಆಪರೇಷನ್ ಕೋಣೆ ಬಾಗಿಲವರೆಗೆ ತಳ್ಕೊಂಡು ಹೋಗಿದ್ರು ಸರ್. ಅಲ್ಲೇ ನಿಲ್ಲಿಸಿ ವಾಪಸ್ ತಂದ್ರು. ಅವನು ನನ್ನ ಕೇಳ್ದ, ಅಕ್ಕಾ, ಮುಗೀತಾ ಅಂತ."

ಇನ್‌ಸ್ಪೆಕ್ಟರ್ ಅರ್ಜಿಯನ್ನು ಮಡಚಿದ. ಅವನ ತಲೆಯಲ್ಲಿ ಎರಡು ಮಾತು ಒಟ್ಟಿಗೇ ಓಡುತ್ತಿದ್ದವು. ಯಾರೋ ಒಬ್ಬ ತನ್ನ ಹೆಸರಿನಲ್ಲಿ, ತನ್ನ ಠಾಣೆಯ ಹೆಸರಿನಲ್ಲಿ ಈ ಕೆಲಸ ಮಾಡಿದ್ದಾನೆ. ಎರಡನೆಯದು, ಆ ಹುಡುಗನಿಗೆ ನಾಳೆ ಇನ್ನೊಂದು ಹೃದಯ ಸಿಕ್ಕಿದರೆ ಅದೇ ಮನುಷ್ಯ ಅದನ್ನೂ ತಡೆಯಬಲ್ಲ.

"ತಮ್ಮನಿಗೆ ಎಷ್ಟು ದಿನ ಕೊಟ್ಟಿದ್ದಾರೆ?"

"ಆ ಪಂಪು ಇನ್ನೊಂದು ವಾರ ಹತ್ತು ದಿನ ಎಳೆಯುತ್ತಂತೆ. ಆಮೇಲೆ ರಕ್ತ ಕೆಡುತ್ತಂತೆ."

"ರೈಟರ್, ಎಫ್‌ಐಆರ್ ಹಾಕು. ಆರೋಪಿ ಅಪರಿಚಿತ. ಪೊಲೀಸ್ ಅಧಿಕಾರಿ ಅಂತ ಸುಳ್ಳು ಹೇಳಿ ಮೋಸ ಮಾಡಿದ್ದು, ಜೀವಕ್ಕೆ ಅಪಾಯ ತಂದಿದ್ದು. ಈಯಮ್ಮನಿಗೆ ಪ್ರತಿ ಕೊಡು, ಕುಡಿಯೋಕೆ ನೀರೂ ಕೊಡು." ಒಳಗೆ ಹೋಗುತ್ತಿದ್ದವನು ತಿರುಗಿದ. "ಶುಕ್ರವಾರ ಆ ಪೇಂಟರ್ ಕೇಸಿನ ಎನ್‌ಓಸಿ ಯಾರು ತಗೊಂಡು ಹೋಗಿದ್ದು?"

ಅಪಘಾತದಲ್ಲಿ ಸತ್ತವರ ಅಂಗ ತೆಗೆಯಬೇಕಾದರೆ ಪೊಲೀಸರ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಕೋರ್ಟಿಗೆ ಹೋಗುವ ಮುನ್ನ ಅದಕ್ಕೆ ಸಹಿ ಹಾಕಿದ್ದು ಇನ್‌ಸ್ಪೆಕ್ಟರನಿಗೆ ಚೆನ್ನಾಗಿ ನೆನಪಿತ್ತು.

ಮೂಲೆಯಲ್ಲಿ ನಿಂತಿದ್ದ ಎಳೆ ಮೀಸೆಯ ಪೇದೆ ಮುಂದೆ ಬಂದ. "ನಾನು ಸರ್. ಹನ್ನೊಂದೂವರೆಗೆ ಆಸ್ಪತ್ರೆಗೆ ತಲುಪಿಸಿದೆ."

"ಯಾರ ಕೈಗೆ?"

"ಕೌಂಟರಿಗೆ ಸರ್."

"ಕೌಂಟರಿಗೆ ಕೈ ಇರುತ್ತಾ?"

ಇನ್‌ಸ್ಪೆಕ್ಟರ್ ಅವನನ್ನೇ ಜೀಪು ಹತ್ತಿಸಿಕೊಂಡ.

ಮೊದಲನೇ ಮಹಡಿಯ ತೀವ್ರ ನಿಗಾ ಘಟಕದ ಹೊರಗೆ ಉದ್ದನೆಯ ಕಾರಿಡಾರು. ಗೋಡೆಯ ಬದಿಗೆ ಒಂದು ದೊಡ್ಡ ಮರದ ಪೆಟ್ಟಿಗೆ ಇತ್ತು; ಅದರ ಮೇಲೆ ಯಾರೋ ಟೀ ಲೋಟಗಳನ್ನು ಇಟ್ಟುಹೋಗಿದ್ದರು. ಪೇಂಟರನನ್ನು ನೋಡಿಕೊಂಡಿದ್ದ ಡಾಕ್ಟರಿಗೆ ಮೂವತ್ತೈದು ದಾಟಿರಲಿಲ್ಲ. ಇನ್‌ಸ್ಪೆಕ್ಟರನನ್ನು ಕಂಡು ಅವನು ಎರಡು ಹೆಜ್ಜೆ ಹಿಂದೆ ಹೋದ.

"ಫೋನ್ ಎತ್ತಿದ್ದು ಯಾರು?"

"ನಾನೇ."

"ಏನಂದ?"

"ಅಂದ ಅಲ್ಲ ಸರ್, ಅಂದ್ರಿ... ಅಂದ. 'ಪಂಚನಾಮೆ ಮುಗಿಯೋವರೆಗೆ ಹೆಣಕ್ಕೆ ಕತ್ತರಿ ತಾಗಿಸಿದ್ರೆ ನಿಮ್ಮನ್ನೇ ಒಳಗೆ ಹಾಕ್ತೀನಿ, ಸಾವಿನಲ್ಲಿ ಅನುಮಾನ ಇದೆ' ಅಂದ."

"ನನ್ನ ದನಿ ಅಂತ ಹೇಗೆ ಗೊತ್ತಾಯ್ತು?"

"ಬೈತಾ ಇತ್ತು ಸರ್."

ಠಾಣೆಯಿಂದ ಜೊತೆಗೆ ಬಂದು ಹಿಂದೆ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಕೆಮ್ಮಿದ. ಅವನು ನಗುವುದು ಹಾಗೆ.

"ನಾಲ್ಕು ಗಂಟೆ ಹೊತ್ತು ಸುಮ್ಮನೆ ಕೂತ್ರಲ್ಲ. ಠಾಣೆಗೆ ಒಂದು ಸಲ ತಿರುಗಿ ಫೋನ್ ಮಾಡೋಕೆ ಏನಾಗಿತ್ತು?"

ಡಾಕ್ಟರ ಪಕ್ಕದಲ್ಲಿದ್ದ ಹೆಂಗಸು ಉತ್ತರ ಕೊಟ್ಟಳು. ಅವಳು ಆಸ್ಪತ್ರೆಯ ಅಂಗದಾನ ಸಂಯೋಜಕಿ. ಸತ್ತವರ ಮನೆಯವರನ್ನು ಮಾತಾಡಿಸಿ ಒಪ್ಪಿಗೆ ಕೇಳುವುದು, ಮುಂದಿನ ಓಡಾಟವನ್ನೆಲ್ಲ ನೋಡಿಕೊಳ್ಳುವುದು ಅವಳ ಕೆಲಸ.

"ಹಿಂದಿನ ತಿಂಗಳು ಇವರು ಒಂದು ಕಾಗದದ ಬಗ್ಗೆ ಎರಡನೇ ಸಲ ಕೇಳಿದ್ದಕ್ಕೆ ನೀವು, 'ಕಾನೂನು ನಿಮ್ಮಪ್ಪನ ಮನೇದಾ, ಗಂಟೆಗೊಂದು ಸಲ ಬಡ್ಕೋಬೇಡ' ಅಂದ್ರಿ. ಅದಕ್ಕೆ ಮಾಡಲಿಲ್ಲ. ನಾನು ನಿಮ್ಮ ಮೊಬೈಲಿಗೆ ಮಾಡಿದೆ. ಬಂದ್ ಆಗಿತ್ತು. ಠಾಣೆಗೆ ಮಾಡೋಣ ಅಂದ್ರೆ, ಅವರು ಇಲ್ಲೇ ಕೆಳಗೆ ಕೂತಿದ್ದಾರೆ, ಸುಮ್ಮನೆ ಕೆಣಕಬೇಡಿ ಅಂತ ಎಲ್ಲರೂ ತಡೆದ್ರು."

"ಕೆಳಗೆ ಕೂತಿದ್ದಾರೆ ಅಂತ ಯಾರು ಹೇಳಿದ್ದು?"

"ಫೋನಿನ ಮೇಲೆ ನಂಬರ್ ಬಿದ್ದಿತ್ತು. ಆಸ್ಪತ್ರೆ ಒಳಗಿನದೇ, ಪೊಲೀಸ್ ಹೊರಠಾಣೆಯದು."

ಇನ್‌ಸ್ಪೆಕ್ಟರನ ಬಾಯಿಂದ ಬರಬೇಕಾಗಿದ್ದ ಬೈಗುಳ ಗಂಟಲಲ್ಲೇ ಉಳಿಯಿತು. ತನ್ನ ನಾಲಗೆಯ ಖಾರವನ್ನು ಯಾರೋ ಒಬ್ಬ ಬೀಗದ ಕೈಯ ಹಾಗೆ ಉಪಯೋಗಿಸಿಕೊಂಡಿದ್ದ.

"ನಮ್ಮ ಎನ್‌ಓಸಿ ಯಾವಾಗ ಸಿಕ್ತು?"

"ಮೂರೂವರೆಗೆ," ಎಂದಳು ಸಂಯೋಜಕಿ. "ಈ ಹುಡುಗನೇ ತಂದುಕೊಟ್ಟ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಪತ್ರದಲ್ಲಿ ಆಕ್ಷೇಪಣೆ ಇಲ್ಲ ಅಂತ ಇರೋದು ನೋಡಿ ನನಗೆ ತಲೆ ತಿರುಗಿಹೋಯ್ತು. ದೊಡ್ಡವರಿಗೆ ಹೇಳ್ದೆ. ಪೊಲೀಸರ ಸಹವಾಸ ಬೇಡ ಅಂದ್ರು."

ಎಳೆ ಮೀಸೆಯ ಪೇದೆ ಅಲ್ಲಿಂದ ಮೆಲ್ಲಗೆ ಜಾರಲು ನೋಡಿದ. ಇನ್‌ಸ್ಪೆಕ್ಟರ್ ಅವನ ತೋಳು ಹಿಡಿದು ಮೆಟ್ಟಿಲ ಬಳಿಗೆ ಎಳೆದುಕೊಂಡು ಹೋದ.

"ಬೊಗಳು."

"ಹನ್ನೊಂದೂವರೆಗೇ ಬಂದಿದ್ದೆ ಸರ್, ಸತ್ಯವಾಗಿ. ಗೇಟಲ್ಲಿ ಪೀಪಿ ಮಾಮ ಸಿಕ್ಕಿದ್ರು. ಡಾಕ್ಟರ್ ಆಪರೇಷನ್ನಲ್ಲಿದ್ದಾರೆ, ಈಗ ಒಳಗೆ ಬಿಡಲ್ಲ, ಬಂದ ತಕ್ಷಣ ನಾನೇ ಕರೀತೀನಿ ಅಂತ ಕ್ಯಾಂಟೀನಲ್ಲಿ ಕೂರಿಸಿದ್ರು. ಊಟ ಕೊಡಿಸಿದ್ರು."

"ನಾಲ್ಕು ಗಂಟೆ ಊಟ ಮಾಡಿದೆಯಾ?"

"ಎರಡು ಸಲ ಎದ್ದೆ ಸರ್. ಕೂತ್ಕೊಳ್ಳಪ್ಪ, ನಾನು ನಿಮ್ಮ ಸಾಹೇಬರ ಜೀಪು ಓಡಿಸಿದವನು, ನನಗೆ ಗೊತ್ತಿಲ್ವಾ ಅಂದ್ರು."

ಪೀಪಿ ಮಾಮ ಅಂದರೆ ಆಸ್ಪತ್ರೆಯ ಕಾವಲುಗಾರರ ಮೇಸ್ತ್ರಿ. ಪಾರ್ಕಿಂಗಿನಲ್ಲಿ ಯಾವಾಗಲೂ ಪೀಪಿ ಊದುತ್ತಾ ಕಾರುಗಳನ್ನು ಬೆದರಿಸುವುದರಿಂದ ಆ ಹೆಸರು. ಅದಕ್ಕೂ ಮುಂಚೆ ಎಂಟು ವರ್ಷ ಇನ್‌ಸ್ಪೆಕ್ಟರನ ಜೀಪಿನ ಚಾಲಕನಾಗಿದ್ದು ನಿವೃತ್ತನಾದವನು. ಇನ್‌ಸ್ಪೆಕ್ಟರ್ ನಂಬಲಿಲ್ಲ. ಆ ಮನುಷ್ಯ ರಸ್ತೆಗೆ ಅಡ್ಡ ಬಂದ ನಾಯಿಮರಿಗೂ ಬ್ರೇಕ್ ಹಾಕಿ ಬೈಸಿಕೊಂಡವನು.

ಒಂದೂವರೆಗೆ ಹೊರಠಾಣೆಯ ಸ್ಥಳ ಪಂಚನಾಮೆ ನಡೆಯಿತು. ಗಾಯಾಳುಗಳ ವಿಭಾಗದ ಪಕ್ಕದ ಸಣ್ಣ ಕೋಣೆ. ಒಂದು ಮೇಜು, ಎರಡು ಕುರ್ಚಿ, ಒಂದು ಫೋನು. ಕ್ಯಾಂಟೀನಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುವವನೂ ಔಷಧಿ ಅಂಗಡಿಯವನೂ ಪಂಚರಾಗಿ ಬಂದರು. ಹೊರಠಾಣೆಯ ಪೇದೆ ಶುಕ್ರವಾರ ಬೆಳಗ್ಗೆ ಹಿಂದಿನ ಗೇಟಿನಲ್ಲಿ ಆಂಬುಲೆನ್ಸ್ ಚಾಲಕರ ಜಗಳ ಬಿಡಿಸಲು ಹೋಗಿದ್ದ. ಹೋಗುವಾಗ ಬೀಗ ಹಾಕಿದ್ದ.

"ಇನ್ನೊಂದು ಬೀಗದ ಕೈ?"

"ಸೆಕ್ಯೂರಿಟಿಯವರ ಹತ್ತಿರ ಇರುತ್ತೆ ಸರ್. ಬೆಂಕಿಗಿಂಕಿ ಬಿದ್ರೆ ಅಂತ."

"ಜಗಳಕ್ಕೆ ನಿನ್ನ ಕರೆದಿದ್ದು ಯಾರು?"

"ಪೀಪಿ ಮಾಮ."

ಕಾರಿಡಾರಿನ ಕ್ಯಾಮೆರಾದಲ್ಲಿ ಶುಕ್ರವಾರ ಬೆಳಗಿನ ಭಾಗವೇ ಇರಲಿಲ್ಲ. ಅದನ್ನು ನೋಡಿಕೊಳ್ಳುವುದೂ ಪೀಪಿ ಮಾಮನ ಕೈಕೆಳಗಿನ ಹುಡುಗರೇ. ಪಂಚನಾಮೆಗೆ ಸಹಿ ಹಾಕುತ್ತಿದ್ದ ಔಷಧಿ ಅಂಗಡಿಯವನು ತಲೆ ಎತ್ತಿದ. "ನಮ್ಮ ಅಂಗಡಿದು ಬೇರೆ ಕ್ಯಾಮೆರಾ ಇದೆ ಸರ್. ಕೆಮ್ಮಿನ ಔಷಧಿ ಕದೀತಾರೆ ಅಂತ ಹಾಕಿಸಿದ್ದು. ಈ ಬಾಗಿಲು ಅರ್ಧ ಕಾಣುತ್ತೆ. ಅದರ ಚಿತ್ರ ತೆಗೆದುಕೊಡೋನು ನಾಳೆ ಬರ್ತಾನೆ."

ಸಂಜೆ ಇನ್‌ಸ್ಪೆಕ್ಟರ್ ಪೇಂಟರನ ಹೆಂಡತಿಯನ್ನು ನೋಡಲು ಹೋದ. ಅರ್ಧ ಕಟ್ಟಿದ ಕಟ್ಟಡದ ಹಿಂದೆ ತಗಡಿನ ಕೋಣೆ. ಬಾಗಿಲಲ್ಲಿ ಬಣ್ಣದ ಖಾಲಿ ಡಬ್ಬಗಳು, ಒಣಗಿ ಗಟ್ಟಿಯಾದ ಬ್ರಷ್ಷುಗಳು. ಒಳಗೆ ಸತ್ತವನ ಅಣ್ಣ ಮತ್ತು ಅತ್ತಿಗೆ ಅವಳತ್ತ ಬೆನ್ನು ತಿರುಗಿಸಿ ಕೂತಿದ್ದರು. ಪೊಲೀಸರನ್ನು ಕಂಡು ಅಣ್ಣ ಎದ್ದ.

"ಬಂದ್ರಾ? ಕರ್ಕೊಂಡು ಹೋಗಿ ಇವಳನ್ನ. ಅನುಮಾನ ಇದೆ ಅಂತ ನೀವೇ ಹೇಳಿದ್ರಂತಲ್ಲ. ಸಾರವೆ ಹಗ್ಗ ಯಾರು ಬಿಚ್ಚಿದ್ರು ಅಂತ ಕೇಳಿ."

ಹೆಂಡತಿ ತಲೆ ಎತ್ತಲಿಲ್ಲ. "ಮೂರು ದಿನದಿಂದ ಇದೇ ಮಾತು. ನಿಮ್ಮ ಒಂದು ಫೋನಿಂದ ನಾನು ಗಂಡನ್ನ ಕೊಂದವಳಾದೆ."

"ಫೋನ್ ಮಾಡಿದ್ದು ನಾವಲ್ಲ. ಹಗ್ಗ ಹಳೇದಾಗಿ ಹರಿದಿದ್ದು. ಪಂಚನಾಮೆ ನಾನೇ ಓದಿದ್ದೀನಿ." ಇನ್‌ಸ್ಪೆಕ್ಟರ್ ಅಣ್ಣನ ಕಡೆ ತಿರುಗಿದ. "ಇನ್ನೊಂದು ಸಲ ಈಯಮ್ಮನ ಮೇಲೆ ನಾಲಗೆ ಚಾಚಿದ್ರೆ ಹಗ್ಗ ತಂದವನು ಯಾರು ಅಂತ ನಿನ್ನನ್ನೇ ಕೇಳಬೇಕಾಗುತ್ತೆ."

ಅಣ್ಣ ಕೂತ. ಆಮೇಲೆ ಅವಳು ಸ್ವಲ್ಪ ಬಿಚ್ಚಿಕೊಂಡಳು.

"ಕೊಡಬೇಡ ಅಂತ ಯಾರಾದ್ರೂ ಹೇಳಿದ್ರಾ?"

"ಒಬ್ರು. ಹಿಂದಿನ ಸಂಜೆ. ಗೇಟಿನ ಯೂನಿಫಾರಂನವರು, ವಯಸ್ಸಾದವರು. ಬಿಸಿನೀರು ತಂದುಕೊಟ್ರು. 'ಕೊಡಬೇಡಮ್ಮಾ, ಕೊಟ್ಟಿದ್ದು ಎಲ್ಲಿ ಹೋಯ್ತು ಅಂತ ಇವರು ಹೇಳಲ್ಲ' ಅಂದ್ರು. ಎಲ್ಲಿ ಹೋದ್ರೂ ಮಣ್ಣಿಗಿಂತ ಮೇಲಲ್ವಾ ಅಂದೆ. ಅದಕ್ಕೆ ಅವರ ಮುಖ ಹೇಗಾಯ್ತು ಅಂದ್ರೆ... ನಾನು ಬೈದಿದ್ದೀನೇನೋ ಅನ್ನೋ ಹಾಗಾಯ್ತು."

ಜೀಪಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಕೇಳಿದ. "ಸರ್, ಪೀಪಿ ಮಾಮನ ಮಗ ಬೈಕಿಂದ ಬಿದ್ದು ಹೋದನಲ್ಲ, ಎರಡು ವರ್ಷದ ಹಿಂದೆ. ಅವನ ಹೃದಯಾನೂ ಕೊಟ್ಟಿದ್ರು ಅಲ್ವಾ?"

"ಕೊಟ್ಟಿದ್ದ. ಶಾಲು ಹೊದಿಸಿ ಸನ್ಮಾನ ಮಾಡಿದ್ರು. ನಾನೂ ಹೋಗಿದ್ದೆ."

"ಮತ್ತೆ ಈಗ ಹೀಗೆ?"

"ಮೊದಲು ಆ ಕ್ಯಾಮೆರಾ ನೋಡೋಣ," ಎಂದ ಇನ್‌ಸ್ಪೆಕ್ಟರ್.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಔಷಧಿ ಅಂಗಡಿಯ ಕ್ಯಾಮೆರಾದ ಚಿತ್ರ ಸಿಕ್ಕಿತು. ಶುಕ್ರವಾರ ಹನ್ನೊಂದಕ್ಕೆ ಸ್ವಲ್ಪ ಮುಂಚೆ ನೀಲಿ ಯೂನಿಫಾರಮ್ಮಿನ ಒಬ್ಬ ಬೀಗ ತೆಗೆದು ಹೊರಠಾಣೆಗೆ ಹೋಗುತ್ತಾನೆ, ಕೆಲವೇ ನಿಮಿಷದಲ್ಲಿ ಹೊರಗೆ ಬಂದು ಮತ್ತೆ ಬೀಗ ಹಾಕುತ್ತಾನೆ. ಮುಖ ಕಾಣುವುದು ಒಂದೇ ಕ್ಷಣ. ಅಷ್ಟು ಸಾಕಾಗಿತ್ತು.

ಜಪ್ತಿ ಮುಗಿಸಿ ಇನ್‌ಸ್ಪೆಕ್ಟರ್ ನೇರ ಸಂಯೋಜಕಿಯ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ.

"ಪೀಪಿ ಮಗನ ಹೃದಯ ಯಾರಿಗೆ ಹೋಯ್ತು?"

"ಅದನ್ನ ಹೇಳೋ ಹಾಗಿಲ್ಲ. ಪಡೆದವರ ಗುರುತು ಗುಟ್ಟಾಗಿಡಬೇಕು ಅಂತ ನಿಯಮ."

"ಹೆಸರು ಬೇಡ. ಬದುಕಿದ್ದಾನಾ, ಸತ್ತನಾ?"

ಅವಳು ಕೈಯಲ್ಲಿದ್ದ ಪೆನ್ನನ್ನು ಮುಚ್ಚಿದಳು, ತೆರೆದಳು.

"ನನಗೂ ಒಂದು ಕೇಸು ಇದೆ ಅಮ್ಮಾ. ಮೂರನೇ ಮಹಡಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಹೇಳಿ."

"ಯಾರಿಗೂ ಹೋಗಲಿಲ್ಲ," ಎಂದಳು. "ಇಲ್ಲಿ ಆ ಗುಂಪಿನವರು ಆಗ ಯಾರೂ ಇರಲಿಲ್ಲ. ವಿಮಾನದಲ್ಲಿ ಬೇರೆ ಊರಿಗೆ ಕಳಿಸೋದು ಅಂತ ಆಗಿತ್ತು. ತೆಗೆದು ಐಸ್ ಪೆಟ್ಟಿಗೆಯಲ್ಲಿಟ್ಟು ಹೊರಟರು. ಮಂಜು ಬಿದ್ದು ವಿಮಾನ ಹಾರಲಿಲ್ಲ. ಹೃದಯ ನಾಲ್ಕು ಗಂಟೆಗಿಂತ ಹೆಚ್ಚು ತಡೆಯಲ್ಲ. ವಾಪಸ್ ತಂದು..." ಅವಳು ನಿಲ್ಲಿಸಿದಳು.

"ತಂದು?"

"ಆಸ್ಪತ್ರೆ ತ್ಯಾಜ್ಯ ಸುಡೋ ಕಡೆ ಕಳಿಸಿದ್ವಿ."

"ಅಪ್ಪ ಅಮ್ಮನಿಗೆ ಏನಂದ್ರಿ?"

"ತಾಯಿ ಹೊರಗೆ ಕೂತಿದ್ರು. ನಾನು ಬಂದ ತಕ್ಷಣ ಕೈ ಹಿಡ್ಕೊಂಡು, ಬಡ್ಕೊಳ್ಳೋಕೆ ಶುರುವಾಯ್ತಾ ಅಂತ ಕೇಳಿದ್ರು. ನಾನು ಹೂಂ ಅಂದೆ."

"ಹೂಂ ಅಂದ್ರಿ."

"ನೀವಾಗಿದ್ರೆ ಏನಂತಿದ್ರಿ?" ಅವಳ ದನಿಗೂ ಈಗ ಉಗುರು ಬಂದಿತ್ತು. "ಹತ್ತು ಮನೆಯವರನ್ನ ಕೇಳಿದ್ರೆ ಒಬ್ರು ಒಪ್ತಾರೆ. ಒಪ್ಪಿದ ಹೃದಯಗಳಲ್ಲೂ ಅರ್ಧ ಹೀಗೇ ಹಾಳಾಗುತ್ತೆ. ವಿಮಾನ ಇಲ್ಲ, ಕಾಗದ ಇಲ್ಲ, ಡಾಕ್ಟರ್ ಇಲ್ಲ. ಕಾರಿಡಾರಲ್ಲಿ ಆ ಮರದ ಪೆಟ್ಟಿಗೆ ನೋಡಿದ್ರಾ? ಅದರಲ್ಲಿರೋ ಯಂತ್ರದಲ್ಲಿಟ್ರೆ ಹೃದಯ ಹೊರಗೇ ಬೆಚ್ಚಗೆ ಬಡಿದುಕೊಳ್ಳುತ್ತೆ, ಇನ್ನಷ್ಟು ಗಂಟೆ ಸಿಗುತ್ತೆ. ಬಂದು ವರ್ಷವಾಯ್ತು. ನಡೆಸೋಕೆ ಕಲಿತವರು ಇಲ್ಲ ಅಂತ ಬಿಚ್ಚಿಲ್ಲ. ಇದನ್ನೆಲ್ಲ ಆ ತಾಯಿಗೆ ಹೇಳಬೇಕಿತ್ತಾ?"

"ಹೇಳಬೇಕಿತ್ತು."

"ಹೇಳಿದ್ರೆ ನಾಳೆ ಯಾರು ಕೊಡ್ತಾರೆ?"

"ಹೇಳದೆ ಇದ್ದಿದ್ದಕ್ಕೆ ಮೊನ್ನೆ ಒಂದು ಹೋಯ್ತಲ್ಲ," ಎಂದು ಇನ್‌ಸ್ಪೆಕ್ಟರ್ ಎದ್ದ.

ಹನ್ನೆರಡರ ಬಿಸಿಲಿನಲ್ಲಿ ಪೀಪಿ ಮಾಮ ಪಾರ್ಕಿಂಗಿನಲ್ಲಿದ್ದ. ಜೀಪು ಬರುವುದನ್ನು ಕಂಡು ಅಭ್ಯಾಸಬಲದಿಂದ ಕೈ ಬೀಸಿ ನೆರಳಿನ ಜಾಗ ತೋರಿಸಿದ. ಇನ್‌ಸ್ಪೆಕ್ಟರ್ ಇಳಿದು ಅವನ ಎದುರು ನಿಂತ. ಹೆಡ್ ಕಾನ್‌ಸ್ಟೆಬಲ್ ಮತ್ತು ಎಳೆ ಮೀಸೆಯ ಪೇದೆ ಎರಡೂ ಬದಿಗೆ ನಿಂತರು.

"ಶುಕ್ರವಾರ ಹನ್ನೊಂದಕ್ಕೆ ಎಲ್ಲಿದ್ದೆ?"

"ಗೇಟಲ್ಲಿ."

"ಹೊರಠಾಣೆಗೆ ಯಾಕೆ ಹೋದೆ?"

"ಹೋಗಿಲ್ಲ."

"ಕೆಮ್ಮಿನ ಔಷಧಿ ಕಾಯೋ ಕ್ಯಾಮೆರಾ ನಿನ್ನನ್ನೂ ಕಾದಿದೆ."

ಪೀಪಿ ಮಾಮ ಕುತ್ತಿಗೆಯಲ್ಲಿದ್ದ ಪೀಪಿಯನ್ನು ದಾರದ ಸಮೇತ ತೆಗೆದು ಜೇಬಿಗೆ ಹಾಕಿಕೊಂಡ. ಓಡುವ ಯೋಚನೆ ಅವನಿಗಿದ್ದಂತೆ ಕಾಣಲಿಲ್ಲ.

"ನನ್ನ ದನಿ ಎಲ್ಲಿ ಕಲಿತೆ?"

"ಎಂಟು ವರ್ಷ ಎಡಗಿವಿ ತುಂಬಾ ನಿಮ್ಮ ಬೈಗುಳ ತುಂಬ್ಕೊಂಡಿದ್ದೀನಿ ಸಾಹೇಬ್ರೇ. ಕೋಣನಿಗೂ ಬರ್ತಿತ್ತು."

"ಪಂಚನಾಮೆ ಆಗೋವರೆಗೆ ಅಂತ ಯಾಕಂದೆ?"

"ಆ ಮಾತು ಕೇಳಿದ್ರೆ ಡಾಕ್ಟರುಗಳು ಪ್ಯಾಂಟಲ್ಲೇ ಉಚ್ಚೆ ಹೊಯ್ಕೊಳ್ತಾರೆ. ಎಷ್ಟು ಸಲ ನೋಡಿಲ್ಲ ನಾನು."

"ಒಬ್ಬ ಸಾಯೋ ಸ್ಥಿತಿಯಲ್ಲಿದ್ದಾನೆ, ಗೊತ್ತಾ?"

"ಯಾರೋ ದೊಡ್ಡವರಿಗೆ ವಿಮಾನದಲ್ಲಿ ಕಳಿಸ್ತಿದ್ರು. ಇಲ್ಲ ಅಂದ್ರೆ ಕಸಕ್ಕೆ ಹಾಕ್ತಿದ್ರು. ನನ್ನ ಮಗನದು ಹಾಕಲಿಲ್ವಾ?"

"ಎರಡು ಅಂತಸ್ತು ಮೇಲಕ್ಕೆ ಹೋಗಬೇಕಿತ್ತು ಕಣಯ್ಯ. ಲಿಫ್ಟಲ್ಲಿ."

ಆ ಮಾತಿಗೆ ಅವನು ತಲೆ ಎತ್ತಿದ. ಅಷ್ಟರಲ್ಲಿ ಹಾರ್ಡ್‌ವೇರ್ ಅಂಗಡಿಯವಳು ಸ್ಕೂಟರ್ ನಿಲ್ಲಿಸಿ, ಕೈಯಲ್ಲಿ ಟಿಫನ್ ಕ್ಯಾರಿಯರ್ ಹಿಡಿದು ಇವರ ಕಡೆಗೇ ಬರುತ್ತಿದ್ದಳು. ಎರಡು ತಿಂಗಳಿಂದ ಅವಳ ಸ್ಕೂಟರಿಗೆ ದಿನವೂ ನೆರಳು ಹಿಡಿದಿಟ್ಟವನು ಪೀಪಿ ಮಾಮ. ತಮ್ಮ ಹೇಗಿದ್ದಾನಮ್ಮಾ ಎಂದು ದಿನವೂ ಕೇಳಿದವನೂ ಅವನೇ. ಇಬ್ಬರು ಪೊಲೀಸರ ನಡುವೆ ಅವನನ್ನು ನೋಡಿ ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಇವನಾ?"

ಇನ್‌ಸ್ಪೆಕ್ಟರ್ ತಲೆಯಾಡಿಸಿದ.

ಪೀಪಿ ಮಾಮ ಅವಳ ಕಡೆಗೆ ಒಂದು ಹೆಜ್ಜೆ ಮುಂದೆ ಬಂದ. "ಅಮ್ಮಾ, ನಿಮ್ಮ ತಮ್ಮನಿಗೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಮಗನಾಣೆಗೂ ಗೊತ್ತಿರಲಿಲ್ಲ. ಗೊತ್ತಿದ್ರೆ ನಾನು..."

"ಯಾರಿಗಾಗಿದ್ರೆ ಪರವಾಗಿರಲಿಲ್ಲ?" ಎಂದಳು ಅವಳು. ದನಿ ಏರಲಿಲ್ಲ. "ಹೇಳು ಮಾಮ. ಯಾರ ತಮ್ಮನಾಗಿದ್ರೆ ಸರಿಯಿತ್ತು?"

ಅವನು ಉತ್ತರ ಹುಡುಕುವವನ ಹಾಗೆ ಸಾಲಾಗಿ ನಿಂತ ಕಾರುಗಳನ್ನು ನೋಡಿದ. ಅವಳು ಅವನನ್ನು ಸುತ್ತಿ ಹೋಗಲಿಲ್ಲ. ಅವನೇ ಪಕ್ಕಕ್ಕೆ ಸರಿಯುವವರೆಗೆ ನಿಂತಿದ್ದು, ಆಮೇಲೆ ಲಿಫ್ಟಿನ ಕಡೆಗೆ ನಡೆದಳು. ಹನ್ನೆರಡು ಇಪ್ಪತ್ತಕ್ಕೆ ಪೀಪಿ ಮಾಮನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಅವನು ಹೇಳಿಕೆ ಕೊಟ್ಟ. ಯಾವುದನ್ನೂ ಮುಚ್ಚಲಿಲ್ಲ. ಮಗನ ಹೃದಯ ಎಲ್ಲೋ ಬಡಿಯುತ್ತಿದೆ ಎಂದು ನಂಬಿಕೊಂಡೇ ಅವನು ಆ ಆಸ್ಪತ್ರೆಯ ಗೇಟಿನ ಕೆಲಸ ಕೇಳಿ ಸೇರಿದ್ದ. ಎಂದಾದರೊಂದು ದಿನ ತಪಾಸಣೆಗೆ ಬರುವವನೊಬ್ಬನಲ್ಲಿ ಅದು ತನ್ನ ಮುಂದೆಯೇ ಹಾದುಹೋದೀತು ಎಂಬ ಆಸೆ. ಪ್ರಾಯದ ಹುಡುಗರು ಎದೆ ನೀವಿಕೊಂಡು ಬಂದರೆ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ. ಹೋದ ತಿಂಗಳು ಆಪರೇಷನ್ ಕೋಣೆಯ ಯಂತ್ರ ನಡೆಸುವವನೊಬ್ಬ ಬೀಡಿ ಸೇದುತ್ತಾ, ಮಂಜು ಬಿದ್ದ ದಿನ ಸುಟ್ಟುಹಾಕಿದ ಹೃದಯದ ಕತೆ ಹೇಳಿದ್ದ. ಯಾರೆದುರು ಹೇಳುತ್ತಿದ್ದೇನೆಂಬುದು ಅವನಿಗೆ ತಿಳಿದಿರಲಿಲ್ಲ.

"ಆಸ್ಪತ್ರೆಯವರ ಮೇಲೆ ದೂರು ಕೊಡಬಹುದಿತ್ತಲ್ಲ," ಎಂದ ಇನ್‌ಸ್ಪೆಕ್ಟರ್.

"ಏನಂತ? ಕೊಟ್ಟಿದ್ದನ್ನ ಬಿಸಾಕಿದ್ರು ಅಂತಾನಾ? ಅದಕ್ಕೆ ಯಾವ ಸೆಕ್ಷನ್ ಹಾಕ್ತಿದ್ರಿ ನೀವು?"

ಇನ್‌ಸ್ಪೆಕ್ಟರ್ ಪೆನ್ನಿನ ಹಿಂಬದಿಯಿಂದ ಮೇಜು ಬಡಿದ. "ನಿನ್ನ ಜಗಳ ಅವರ ಜೊತೆ ಇತ್ತು. ನೀನು ಕಲ್ಲು ಹೊಡೆದದ್ದು ಆ ಹುಡುಗನಿಗೆ. ಅದಕ್ಕೆ ಸೆಕ್ಷನ್ ಇದೆ."

"ಇದೆ," ಎಂದು ಒಪ್ಪಿಕೊಂಡ ಪೀಪಿ ಮಾಮ. ಸಹಿ ಹಾಕಿದ ಮೇಲೆ ಕೇಳಿದ. "ಮನೆಯವಳಿಗೆ ಇದರ ಕಾರಣ ತಿಳಿಯದ ಹಾಗೆ ಆಗುತ್ತಾ? ಅವಳು ಇನ್ನೂ ಬಡೀತಿದೆ ಅಂತಾನೇ ಅಂದ್ಕೊಂಡಿದ್ದಾಳೆ."

ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಿ ಸಹಿ ಪಡೆಯಬೇಕು. ಅದು ಪೇದೆಯ ಕೆಲಸ. ಸಂಜೆ ಐದೂವರೆಗೆ ಇನ್‌ಸ್ಪೆಕ್ಟರ್ ತಾನೇ ಹೋದ. ಪೀಪಿ ಮಾಮನ ಹೆಂಡತಿ ಶಾಲೆ ಮಕ್ಕಳ ಬ್ಯಾಗು ಹೊಲಿಯುವವಳು. ಮಿಷನ್ನಿನ ಸುತ್ತ ನೀಲಿ ಬಟ್ಟೆಯ ತುಂಡುಗಳು, ಜಿಪ್ಪುಗಳ ಗೊಂಚಲು. ಅವಳು ಕಾಗದ ಓದಿದಳು, ಮತ್ತೆ ಓದಿದಳು.

"ಇವರು ಹೃದಯ ತಡೆದ್ರಾ? ಇವರಾ? ಯಾಕೆ?"

ಹೇಳಲು ಒಂದು ಸುಳ್ಳು ಸಿದ್ಧವಾಗಿತ್ತು. ಕುಡಿದಿದ್ದ, ಯಾರೋ ತಲೆ ಕೆಡಿಸಿದ್ದರು, ಏನಾದರೂ ಆಗುತ್ತಿತ್ತು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮಿಷನ್ನಿನ ಹಲಗೆಯ ಮೇಲಿಟ್ಟ.

"ಕೂತ್ಕೊಳ್ಳಿ ಅಮ್ಮಾ," ಎಂದು ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ಮಂಜು, ವಿಮಾನ, ಐಸ್ ಪೆಟ್ಟಿಗೆ, ಸುಡುವ ಜಾಗ. ಮೆದುವಾಗಿ ಹೇಳಲು ಅವನಿಗೆ ಬರುತ್ತಿರಲಿಲ್ಲ. ಹಾಗಾಗಿ ಬೇಗ ಹೇಳಿದ.

ಅವಳ ಕೈ ಜಿಪ್ಪೊಂದನ್ನು ಎಳೆದು ಮುಚ್ಚಿತು, ತೆರೆಯಿತು.

"ಆ ಆಸ್ಪತ್ರೆಯವಳು ಹೂಂ ಅಂದಿದ್ಲು," ಎಂದಳು ಕೊನೆಗೆ.

"ಹೌದು. ಸುಳ್ಳು ಹೇಳಿದ್ಲು."

"ಇವರಿಗೆ ಒಂದು ತಿಂಗಳಿಂದ ಗೊತ್ತಿತ್ತಾ? ನನ್ನ ಹತ್ತಿರ ಹೇಳಿದ್ರೆ ಇಬ್ಬರೂ ಕೂತು ಅತ್ತು ಮುಗಿಸ್ತಿದ್ವಲ್ಲ."

ಇನ್‌ಸ್ಪೆಕ್ಟರ್ ಕಾಗದದ ಸಹಿ ಜಾಗವನ್ನು ಬೆರಳಿಂದ ತೋರಿಸಿದ. ಅವಳು ಸಹಿ ಹಾಕಿದಳು.

"ಜಾಮೀನಿಗೆ ನಾಳೆ ವಕೀಲರನ್ನ ನೋಡಬಹುದು. ಮನೆಯವರು ಯಾರಾದ್ರೂ ಬರಬೇಕು."

"ಆ ಹುಡುಗ ಇದ್ದಾನಾ?"

"ಇದ್ದಾನೆ. ಕಾಯ್ತಾ ಇದ್ದಾನೆ."

ಅವಳು ಎದ್ದು ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಿಷನ್ನಿನ ಅಡಿಗೆ ಸರಿಸಿದಳು.

"ಅವನಿಗೆ ಒಂದು ಸಿಗಲಿ," ಎಂದಳು. "ಆಮೇಲೆ ಇವರ ಜಾಮೀನು ಕೇಳೋಕೆ ಬರ್ತೀನಿ. ಅಲ್ಲಿವರೆಗೆ ಇವರೂ ಕಾಯಲಿ."